ಸೂತ್ರಾಧ್ಯಕ್ಷೆ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೂತ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವೊಂದುಂಟು. ವಿಧವೆಯರು, ಅಂಗವಿಕಲೆಯರು, ಕನ್ನಿಕೆಯರು, ಅರಮನೆಯ ವೃದ್ಧದಾಸಿಯರು ಮೊದಲಾದವರಿಂದ ನೂಲು ತೆಗೆಸತಕ್ಕದ್ದು. ನೂಲಿನ ನಯವನ್ನೂ ಒರಟುತನವನ್ನೂ ನೋಡಿ ಕೂಲಿಯನ್ನು ಗೊತ್ತುಮಾಡತಕ್ಕದ್ದು. ಕೂಲಿಯನ್ನು ಕಾಲಮೀರಿಸಿದರೆ ದಂಡ. ಮುಂಜಾವಿನಲ್ಲಿ ನೂಲೊಪ್ಪಿಸಲು ಬಂದವಳ ಮುಖವನ್ನು ದಿಟ್ಟಿಸಿದರೂ ದಂಡ. ಇಷ್ಟು ಎಚ್ಚರದಿಂದ ವಿಧಿಸಿದ ಶಾಸ್ತ್ರಕಾರನಿಗೂ ನೂಲನ್ನು ಬಲ್ಲವಳೇ ನೂಲಿಗೆ ಅಧ್ಯಕ್ಷಳಾಗಬಹುದೆಂಬುದು ಮಾತ್ರ ತೋಚಲಿಲ್ಲ.

ಆ ಪ್ರಕರಣದ ಜೀವಂತ ವ್ಯಾಖ್ಯಾನವನ್ನು ಕಾಣಬೇಕೆನ್ನುವವರು ಶಿಡ್ಲಘಟ್ಟಕ್ಕೆ ಹೋಗಬೇಕು. ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಸೀಮೆಯ ಹಿಪ್ಪುನೇರಳೆ ತೋಟಗಳ ಫಲವು ರೇಷ್ಮೆಗೂಡಾಗಿ ಬಂದು ಸೇರುವ ಊರು ಅದು. ಅದರ ಗೂಡಿನ ಮಾರುಕಟ್ಟೆಗೆ ರಾಮನಗರದ್ದೊಂದನ್ನು ಬಿಟ್ಟರೆ ರಾಜ್ಯದಲ್ಲಿ ಸಾಟಿಯಿಲ್ಲ. ಬೇಯುವ ಗೂಡಿನ ವಾಸನೆ ಅಲ್ಲಿಯ ಓಣಿಗಳನ್ನು ಬಿಡುವುದೇ ಇಲ್ಲ. ಹೊಸಬರು ಮೂಗು ಮುಚ್ಚುವರು, ಊರಿನವರಿಗೆ ಅದು ಅನ್ನದ ವಾಸನೆ.

ನೂಲು ಬಿಚ್ಚುವ ಅಂತಹ ಮನೆಯೊಂದರ ಗೃಹಿಣಿಯ ಕೆಲಸವನ್ನು ಒಂದು ಗಳಿಗೆ ನಿಂತು ನೋಡಿದರೆ ಸಾಕು. ಗೂಡನ್ನು ಎಷ್ಟು ಹೊತ್ತು ಬೇಯಿಸಬೇಕೆಂಬುದೇ ಈ ವಿದ್ಯೆಯ ಮರ್ಮ. ಕಡಮೆ ಬೆಂದರೆ ಎಳೆ ಬಿಡಿಸಿಕೊಳ್ಳದೆ ಹರಿಯುವುದು. ಹೆಚ್ಚು ಬೆಂದರೆ ರೇಷ್ಮೆ ಕಸವಾಗುವುದು. ಮಳೆಗಾಲದ ಗೂಡಿಗೊಂದು ಹದ, ಬೇಸಗೆಯ ಗೂಡಿಗೆ ಇನ್ನೊಂದು. ಒಂದು ಗೂಡಿನ ಎಳೆ ನೂರಾರು ಮೀಟರು ಉದ್ದವಾದರೂ ಕಣ್ಣಿಗೆ ಕಾಣುವುದೇ ಕಷ್ಟ. ಹಲವು ಗೂಡುಗಳ ಎಳೆ ಕೂಡಿ ಒಂದು ನೂಲಾಗಬೇಕು. ನಡುವೆ ಒಂದು ಗೂಡು ಮುಗಿದರೆ ಮರುಕ್ಷಣವೇ ಬೇರೊಂದನ್ನು ಕೂಡಿಸಬೇಕು, ಇಲ್ಲವಾದರೆ ನೂಲು ತೆಳುವಾಗುವುದು. ಬಿಸಿನೀರಿನಲ್ಲಿ ಆಡಿ ಆಡಿ ಬೆರಳಿನ ಚರ್ಮ ಬೆಳ್ಳಗೆ ಸುಲಿದಿರುವುದು. ಇದಲ್ಲದೆ ಸೌದೆಯ ಲೆಕ್ಕ, ಕೂಲಿಯವರ ಮುಂಗಡ, ಕಸರೇಷ್ಮೆಯ ಮಾರಾಟ ಇವೆಲ್ಲವೂ ಅವಳ ತಲೆಯಲ್ಲಿಯೇ. ಆರು ಕಿಲೋ ಗೂಡಿಗೆ ಒಂದು ಕಿಲೋ ರೇಷ್ಮೆ ಬಂದಿತೋ, ಎಂಟು ಕಿಲೋ ಬೇಕಾಯಿತೋ ಎಂಬುದರಲ್ಲಿಯೇ ಲಾಭನಷ್ಟವೆಲ್ಲ. ಆ ಅಂತರವನ್ನು ಕಾಯುವವಳು ಅವಳು. ಆದರೆ 1959ರ ಕಾಯಿದೆಯ ಪ್ರಕಾರ ಪಡೆಯಬೇಕಾದ ಲೈಸೆನ್ಸು ಗಂಡನ ಹೆಸರಿನಲ್ಲಿದೆ. ಬ್ಯಾಂಕಿನ ಖಾತೆಯೂ ಅವನದೇ. ವೈಯಾಕರಣರು ಸ್ವತಂತ್ರನಾದವನನ್ನೇ ಕರ್ತೃವೆನ್ನುವರು; ಇಲ್ಲಿ ಕ್ರಿಯೆಯೆಲ್ಲ ಒಬ್ಬಳದು, ಕರ್ತೃಪದ ಮತ್ತೊಬ್ಬನದು.

ಈ ವಿದ್ಯೆಗೆ ಹೆಣ್ಣನ್ನು ಅಧಿಕಾರಕ್ಕೇರಿಸುವ ಶಕ್ತಿಯಿಲ್ಲವೆಂದಲ್ಲ. 1872ರಲ್ಲಿ ಜಪಾನಿನ ಸರಕಾರವು ತೊಮಿಯೋಕದಲ್ಲಿ ಹಬೆಯ ಯಂತ್ರಗಳ ರೇಷ್ಮೆ ಗಿರಣಿಯನ್ನು ಸ್ಥಾಪಿಸಿ, ಕಲಿಸಲು ಫ್ರಾನ್ಸಿನಿಂದ ಸ್ತ್ರೀಯರನ್ನೇ ಕರೆಯಿಸಿತು. ಮಾತ್ಸುಶಿರೊ ಎಂಬ ಊರಿನ ಯೋಧಕುಲದ ಹುಡುಗಿ ಏಯ್ 1873ರಲ್ಲಿ ಅಲ್ಲಿಗೆ ಹೋಗಿ ಕಲಿತಳು. ಮರುವರ್ಷವೇ ತನ್ನ ಊರಿಗೆ ಮರಳಿ, ಹೊಸ ಗಿರಣಿಯಲ್ಲಿ ಶಿಕ್ಷಕಿಯಾದಳು. ಮುಂದೆ ಅದೇ ದೇಶದ ಗಿರಣಿಗಳಲ್ಲಿ ಬಡಹುಡುಗಿಯರು ಪಟ್ಟ ಪಾಡು ಬೇರೆಯೇ ಕಥೆ, ಅದನ್ನು ಮರೆಮಾಚಬೇಕಾಗಿಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನನ್ನು ನೋಡಿಬಂದವರು. ದಿವಾನರಾದಾಗ ಇಟಲಿಯ ತಜ್ಞನನ್ನು ಕರೆಯಿಸಿ ಮೈಸೂರು ಸೀಮೆಯ ರೇಷ್ಮೆಯನ್ನು ತಿದ್ದಲು ಯತ್ನಿಸಿದರು. ಯಂತ್ರ ಬಂದಿತು, ತಳಿ ಬಂದಿತು. ಏಯ್ ಪಡೆದಂತಹ ಪದವಿ ನಮ್ಮ ಓಣಿಗಳವರೆಗೆ ಬಂದಂತೆ ಕಾಣದು.

ಅಷ್ಟು ದೂರವೇಕೆ, ಬೆಂಗಳೂರನ್ನೇ ನೋಡೋಣ. 1978ರಲ್ಲಿ ಕಿರಣ್ ಮಜುಂದಾರ್ ಎಂಬ ಇಪ್ಪತ್ತೈದರ ತರುಣಿ ಹತ್ತು ಸಾವಿರ ರೂಪಾಯಿಯೊಡನೆ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಸಂಸ್ಥೆಯನ್ನು ತೆರೆದರು. ಪರಂಗಿಕಾಯಿಯ ಹಾಲಿನಿಂದ ಕಿಣ್ವವನ್ನು ತೆಗೆಯುವ ಉದ್ಯಮ. ಅದೂ ಒಂದು ಬಗೆಯ ಪಾಕಶಾಸ್ತ್ರವೇ ಅಲ್ಲವೆ! ಬ್ಯಾಂಕಿನವರು ತಂದೆಯ ಜಾಮೀನನ್ನು ಕೇಳಿದರು. ಹೆಂಗಸಿನ ಕೈಕೆಳಗೆ ದುಡಿಯಲು ಜನ ಹಿಂಜರಿದರು. ಆದರೂ ಆಕೆ ತನ್ನ ಹೆಸರನ್ನು ಬಿಟ್ಟುಕೊಡಲಿಲ್ಲ. ಮೂರು ವರ್ಷಗಳ ತರುವಾಯ, 1981ರಲ್ಲಿ, ಇನ್ಫೋಸಿಸ್ಸಿಗೆ ಮೂಲಧನವಾದುದೂ ಹತ್ತು ಸಾವಿರವೇ. ಕೊಟ್ಟವರು ಸುಧಾ ಮೂರ್ತಿಯವರು, ಸ್ವತಃ ಇಂಜಿನಿಯರು. ಆದರೆ ದಂಪತಿಗಳಲ್ಲಿ ಒಬ್ಬರೇ ಸಂಸ್ಥೆಯಲ್ಲಿರಬೇಕೆಂದು ಪತಿಯ ನಿಯಮವಾಯಿತು, ಆಕೆ ಹೊರಗುಳಿದರು. ಅದು ತಪ್ಪಾಗಿತ್ತೆಂದು ನಾರಾಯಣ ಮೂರ್ತಿಯವರೇ 2024ರಲ್ಲಿ ಒಪ್ಪಿಕೊಂಡರು. ಹಣ ಸಮಾನ, ವಿದ್ಯೆ ಸಮಾನ; ಭೇದವೆಲ್ಲ ಹೆಸರನ್ನು ಬರೆಯುವ ಜಾಗದಲ್ಲಿ.

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಈಗ ಹರಾಜು ಮೊಬೈಲ್ ಫೋನಿನ ಮೂಲಕ ನಡೆಯುತ್ತದೆ. ಹಿಂದೆ ಗಂಡಸರ ನೂಕುನುಗ್ಗಲಿನಲ್ಲಿ ಹೆಂಗಸು ಹೇಗೆ ನಿಂತಾಳೆಂದು ಹೇಳುತ್ತಿದ್ದ ನೆಪಕ್ಕೆ ಅಷ್ಟು ಬಲವಿಲ್ಲದಂತಾಗಿದೆ. ಆ ಗೃಹಿಣಿಯ ಮನೆಯಲ್ಲಿ ಮಾತ್ರ ಪದ್ಧತಿ ಬದಲಾಗಿಲ್ಲ. ಗಂಡನು ಮಾರುಕಟ್ಟೆಯಲ್ಲಿ ಒಂದು ಹಿಡಿ ಗೂಡನ್ನು ಎತ್ತಿ ಅಲ್ಲಾಡಿಸಿ, ಬಣ್ಣ ಹೀಗಿದೆ, ಗಟ್ಟಿತನ ಹೀಗಿದೆ ಎಂದು ಅಲ್ಲಿಂದಲೇ ಫೋನಿನಲ್ಲಿ ಹೇಳುವನು. ಒದ್ದೆ ಕೈಯನ್ನು ಸೆರಗಿಗೆ ಒರಸಿಕೊಂಡು ಅವಳು ಬೆಲೆ ಹೇಳುವಳು. ಅವನು ತನ್ನ ಲೈಸೆನ್ಸಿನ ಮೇಲೆ ಆ ಬೆಲೆಯನ್ನೇ ಒತ್ತುವನು.