ಬರೆದಿಟ್ಟದ್ದು ವಾಪಸ್ ಬರಬೇಕು

ಶ್ರೀರಂಗಪಟ್ಟಣ ಒಂದು ದ್ವೀಪ. ಪಶ್ಚಿಮಕ್ಕೆ ಕೋಟೆ, ಪೂರ್ವಕ್ಕೆ ಗಂಜಾಂ. ಸುತ್ತ ಕಾವೇರಿಯ ಎರಡು ಕವಲು, ಗಂಜಾಂ ದಾಟಿದ ಮೇಲೆ ಸಂಗಮದಲ್ಲಿ ಅವು ಮತ್ತೆ ಕೂಡುತ್ತವೆ. 1990ರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದ ಪತ್ತಿನ ಸಹಕಾರ ಸಂಸ್ಥೆಯ ಮುಖ್ಯ ಕಚೇರಿ ಕೋಟೆಯೊಳಗಿತ್ತು, ನಮ್ಮ ಮನೆ ಗಂಜಾಂನಲ್ಲಿ. ಲೆಕ್ಕದ ಒಂದು ನಕಲು ಕಚೇರಿಯ ಹೊರಗೆ, ಬೇರೆ ಕಟ್ಟಡದಲ್ಲಿ ಇರಬೇಕು ಎಂದು ಕಂಪ್ಯೂಟರ್ ಹಾಕಿಕೊಟ್ಟವರು ಹೇಳಿಹೋಗಿದ್ದರು. ಹಾಗಾಗಿ ಪ್ರತಿ ಶನಿವಾರದ ಟೇಪು ನನ್ನ ಚೀಲದಲ್ಲಿ ಗಂಜಾಂಗೆ ಬಂದು, ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆ ಸೇರುತ್ತಿತ್ತು. ಕಚೇರಿಗೆ ಬೆಂಕಿ ಬಿದ್ದರೆ ಆ ದೂರ ಸಾಕಾಗುತ್ತಿತ್ತು. ಹೊಳೆ ಉಕ್ಕಿದರೆ ಅಸಲು, ನಕಲು ಎರಡೂ ಒಂದೇ ನೀರಿನ ನಡುವೆ. ಇದನ್ನು ಯಾರೂ ಆಗ ಪ್ರಶ್ನೆ ಮಾಡಲಿಲ್ಲ. ನಿಯಮದಲ್ಲಿ ಇದ್ದದ್ದು "ಬೇರೆ ಕಟ್ಟಡ" ಎಂದಷ್ಟೇ.

ಸಂಸ್ಥೆಗೆ ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದಲ್ಲಿ ಶಾಖೆಗಳಿದ್ದವು. ಶಾಖೆಗೊಂದು ಕಂಪ್ಯೂಟರ್, ಮುಖ್ಯ ಕಚೇರಿಯಲ್ಲಿ ಯುನಿಕ್ಸ್ ಹಾಕಿದ ಒಂದು ಸರ್ವರ್. ಶಾಖೆಗಳಿಗೂ ನಮಗೂ ನಡುವೆ ತಂತಿ ಸಂಪರ್ಕ ಎನ್ನುವುದು ಟೆಲಿಫೋನ್ ಒಂದೇ, ಅದೂ ಮಳೆ ಬಂದರೆ ಸತ್ತಿರುತ್ತಿತ್ತು. ದಿನದ ವ್ಯವಹಾರವೆಲ್ಲ 1.44 ಎಂಬಿಯ ಫ್ಲಾಪಿಗೆ ಇಳಿದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಸಿಕೊಂಡು, ಬಸ್ ಕಂಡಕ್ಟರ್ ಕೈಯಲ್ಲಿ ಬರುತ್ತಿತ್ತು. ನಾಗಮಂಗಲದ್ದು ಪಾಂಡವಪುರದ ಮೇಲೆ ಬರುವಾಗ ಅಲ್ಲಿಯ ಶಾಖೆಯವರೂ ತಮ್ಮದನ್ನು ಅದೇ ಕಂಡಕ್ಟರಿಗೆ ಕೊಡುತ್ತಿದ್ದರು. ಒಂದೇ ಫ್ಲಾಪಿ ಕಳಿಸಿದರೆ ಓದದೆ ಹೋಗಬಹುದು ಎಂದು ಎರಡೆರಡು ಕಳಿಸುವ ರೂಢಿ ಬಂತು. ಮಳೆಗಾಲದಲ್ಲಿ ಫ್ಲಾಪಿಯೊಳಗಿನ ಕಪ್ಪು ತಟ್ಟೆಗೆ ಬೂಷ್ಟು ಹಿಡಿಯುತ್ತಿತ್ತು. ಕೆ.ಆರ್.ಪೇಟೆಯಿಂದ ಫೋನ್ ಬರುತ್ತಿತ್ತು: "ಸಾರ್, ಎರಡೂ ಓದ್ತಾ ಅದಾ? ಇಲ್ಲಾಂದ್ರೆ ಸಂಜೆ ಬಸ್ಸಿಗೆ ಇನ್ನೊಂದ್ ಕಳಿಸ್ತೀನಿ."

ಎಲ್ಲ ಶಾಖೆಗಳ ಲೆಕ್ಕ ಸೇರಿದ ಮೇಲೆ ರಾತ್ರಿ ಟೇಪಿನ ಕೆಲಸ. ಸೋಮವಾರದಿಂದ ಶನಿವಾರಕ್ಕೆ ಆರು ಡ್ಯಾಟ್ ಟೇಪು, ತಿಂಗಳ ಕೊನೆಗೆ ಬೇರೆ, ಮಾರ್ಚ್ 31ಕ್ಕೆ ಇನ್ನೊಂದು. ತಾತ, ಅಪ್ಪ, ಮಗ ಎಂದು ಅವುಗಳಿಗೆ ನಾವು ಹೆಸರಿಟ್ಟಿದ್ದೆವು, ವಾರದ್ದು ಮಗ, ತಿಂಗಳದ್ದು ಅಪ್ಪ, ವರ್ಷದ್ದು ತಾತ. ಟಾರ್ ಆದೇಶ ಕೊಟ್ಟು ಕೂತರೆ ಡ್ರೈವಿನ ಹಸಿರು ದೀಪ ಮಿಣುಕುತ್ತಿತ್ತು. ಮುಗಿದ ಮೇಲೆ ರಿಜಿಸ್ಟರಿನಲ್ಲಿ ಟೇಪಿನ ಸಂಖ್ಯೆ, ಹೊತ್ತು, ಸಹಿ. ಆ ರಿಜಿಸ್ಟರ್ ಬಹಳ ಚೆನ್ನಾಗಿತ್ತು. ಆಡಿಟ್‌ಗೆ ಬಂದವರು ಪ್ರತಿ ವರ್ಷ ಅದನ್ನೇ ನೋಡಿ ತೃಪ್ತರಾಗಿ ಹೋಗುತ್ತಿದ್ದರು.

ಒಂದು ಮುಂಗಾರಿನಲ್ಲಿ ಸಿಡಿಲು ಹೊಡೆದು ಸರ್ವರ್ ಸುಟ್ಟಿತು, ಅದರ ಜೊತೆ ಟೇಪ್ ಡ್ರೈವೂ ಹೋಯಿತು. ಬೆಂಗಳೂರಿನಿಂದ ಹೊಸ ಡ್ರೈವ್ ತರಿಸಿ ಟೇಪು ಹಾಕಿದರೆ ಓದಲಿಲ್ಲ. ಶುಕ್ರವಾರದ್ದು ಓದಲಿಲ್ಲ, ಗುರುವಾರದ್ದು ಓದಲಿಲ್ಲ, ಅಟ್ಟದ ಮೇಲಿನ ಶನಿವಾರದ್ದೂ ಓದಲಿಲ್ಲ. ಡ್ಯಾಟ್ ಟೇಪಿನಲ್ಲಿ ತಿರುಗುವ ಹೆಡ್ಡು ಓರೆ ಗೆರೆಗಳಲ್ಲಿ ಬರೆಯುತ್ತದೆ. ಹೆಡ್ಡು ಕೂದಲೆಳೆಯಷ್ಟು ಸರಿದಿದ್ದರೂ, ಬರೆದ ಡ್ರೈವು ತಾನು ಬರೆದದ್ದನ್ನು ಓದಿಕೊಳ್ಳುತ್ತದೆ, ಬೇರೆ ಡ್ರೈವಿಗೆ ಅದು ಬರೀ ಗೀಚು. ಎರಡನೇ ಡ್ರೈವ್ ಕೊಂಡು ಟೇಪುಗಳನ್ನು ಆಗಾಗ ಅದರಲ್ಲಿ ಓದಿಸಿ ನೋಡಬೇಕು ಎಂಬ ಕಡತ ಹಣವಿಲ್ಲವೆಂದು ಮೇಜಿನ ಮೇಲೇ ಉಳಿದಿತ್ತು. ಸಹಿಗಳಿಂದ ತುಂಬಿದ ರಿಜಿಸ್ಟರ್ ಇತ್ತು, ಟೇಪುಗಳಿದ್ದವು, ಲೆಕ್ಕ ಇರಲಿಲ್ಲ.

ನಮ್ಮನ್ನು ಉಳಿಸಿದ್ದು ಕಾಗದ. ವೋಚರ್‌ಗಳ ಕಟ್ಟು, ಡೇ ಬುಕ್ಕು, ಸದಸ್ಯರ ಪಾಸ್‌ಬುಕ್ಕು. ನಾಲ್ಕೂ ಕಡೆಯ ಗುಮಾಸ್ತರು ಕೂತು ಒಂದೊಂದೇ ನಮೂದನ್ನು ಮತ್ತೆ ಹೊಡೆದರು. ಕಬ್ಬಿನ ಹಣ ಬರುವ ಕಾಲ ಅದಾಗಿರಲಿಲ್ಲವಾದ್ದರಿಂದ ಸಾಲದ ಕಂತುಗಳು ಕಡಿಮೆ ಇದ್ದವು. ಪಾಂಡವಪುರದ ಸಕ್ಕರೆ ಕಾರ್ಖಾನೆ ಅರೆಯುತ್ತಿದ್ದ ತಿಂಗಳುಗಳಾಗಿದ್ದರೆ ಆ ಕೆಲಸ ಮುಗಿಯುತ್ತಿರಲಿಲ್ಲ ಎಂದೇ ನನ್ನ ಲೆಕ್ಕ. ಪಾಸ್‌ಬುಕ್ ಹಿಡಿದು ಬಂದ ಒಬ್ಬ ಹಿರಿಯರು ಕೌಂಟರಿನಲ್ಲಿ ಕೇಳಿದ ಮಾತು ಸರಿಯಾಗೇ ಇತ್ತು: "ನಿಮ್ ಮಿಷಿನ್ನಾಗೆ ಇಲ್ಲ ಅಂದ್ರೆ ನನ್ ದುಡ್ ಇಲ್ಲ ಅಂತ್ಲಾ?"

ಆ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಜಮೀನಿನ ಲೆಕ್ಕ ವಂಶಪಾರಂಪರ್ಯದ ಶಾನುಭೋಗರ ಮನೆಯಲ್ಲೇ ಇದ್ದ ಕಾಲವಿತ್ತು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ಆ ಪದ್ಧತಿಯನ್ನು ಕೊನೆಗೊಳಿಸಿತು. ಆಮೇಲೆ ಗ್ರಾಮ ಲೆಕ್ಕಿಗರ ಕೈಬರಹದ ಪಹಣಿ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಸಿಗುತ್ತಿತ್ತು. ಮೊದಮೊದಲು ತಾಲ್ಲೂಕಿಗೊಂದು ಸರ್ವರ್ ಅಲ್ಲೇ ಇತ್ತು, ನಂತರ ಎಲ್ಲವೂ ಬೆಂಗಳೂರಿಗೆ ಹೋಯಿತು. ಆದರೆ ರೆಕಾರ್ಡ್ ರೂಮಿನಲ್ಲಿ ಬಟ್ಟೆಯ ಗಂಟುಗಳಲ್ಲಿದ್ದ ಹಳೆಯ ಕಡತಗಳಿಗೆ ಎರಡನೇ ಪ್ರತಿ ಇರಲಿಲ್ಲ. ಗೆದ್ದಲು ತಿಂದರೆ ಹೋಯಿತು, ಯಾರಾದರೂ ಒಂದು ಹಾಳೆ ಹರಿದರೂ ಹೋಯಿತು. 2024ರಿಂದ ಕಂದಾಯ ಇಲಾಖೆ 'ಭೂ ಸುರಕ್ಷಾ' ಹೆಸರಿನಲ್ಲಿ ಆ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ರಾಜ್ಯ ಮಾಡಿದ ಅತ್ಯಂತ ದೊಡ್ಡ ಬ್ಯಾಕಪ್ ಕೆಲಸಗಳಲ್ಲಿ ಅದೂ ಒಂದು ಎಂದು ನಾನು ಭಾವಿಸುತ್ತೇನೆ. ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಈಗಿನ ಕಥೆಗೆ ಬರುತ್ತೇನೆ.

ಕೆಲಸವನ್ನು ಬದಲಾಯಿಸಿದ್ದು ವರ್ಚುವಲ್ ಮಷೀನ್. ವಿಎಂವೇರ್ ಕಂಪನಿ ಹುಟ್ಟಿದ್ದು 1998ರಲ್ಲಿ, ಅದರ ಸರ್ವರ್ ತಂತ್ರಾಂಶ ಬಂದದ್ದು 2001ರಲ್ಲಿ, ನಮ್ಮಂಥ ಕಡೆಗೆ ತಲುಪಿದ್ದು ಇನ್ನೂ ಹತ್ತು ವರ್ಷ ತಡವಾಗಿ. ಒಂದು ದೊಡ್ಡ ಯಂತ್ರದೊಳಗೆ ಐದಾರು ಸರ್ವರ್‌ಗಳು ಬೇರೆಬೇರೆಯಾಗಿ ಓಡುತ್ತವೆ ಎಂಬುದು ಅದರ ಒಂದು ಲಾಭ. ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು: ಇಡೀ ಸರ್ವರ್, ಅದರ ಡಿಸ್ಕು, ಅದರ ಸೆಟ್ಟಿಂಗು, ಎಲ್ಲ ಸೇರಿ ಕೆಲವು ಕಡತಗಳಾದವು. ಕಡತವನ್ನು ನಕಲು ಮಾಡಬಹುದು, ಬೇರೆ ಯಂತ್ರದಲ್ಲಿ ತೆರೆಯಬಹುದು. ಸಿಡಿಲಿಗೆ ಸುಟ್ಟ ಸರ್ವರಿನಂಥದೇ ಇನ್ನೊಂದನ್ನು ಹುಡುಕಿ, ಯುನಿಕ್ಸ್ ಹಾಕಿ, ಲೈಸೆನ್ಸ್ ಕೀ ಹುಡುಕಿ, ಆಮೇಲೆ ಟೇಪು ಹಾಕುವ ಪಾಡು ಹೋಯಿತು.

ಮೊದಲಿಗೆ ಓಡುತ್ತಿರುವ ಸರ್ವರ್ ನಿಲ್ಲಿಸದೆ ನಕಲು ತೆಗೆಯುವುದೇ ಕಷ್ಟವಾಗಿತ್ತು. ಸ್ನ್ಯಾಪ್‌ಶಾಟ್ ಅದನ್ನು ಬಿಡಿಸಿತು. ಒಂದು ಕ್ಷಣಕ್ಕೆ ಡಿಸ್ಕಿನ ಸ್ಥಿತಿಯನ್ನು ಹಿಡಿದಿಟ್ಟು, ಹೊಸ ಬರಹವನ್ನೆಲ್ಲ ಬೇರೆ ಕಡತಕ್ಕೆ ತಿರುಗಿಸಿ, ಹಿಡಿದಿಟ್ಟದ್ದನ್ನು ನಿಧಾನಕ್ಕೆ ನಕಲು ಮಾಡುವುದು. ಹಿಡಿಯುವ ಮುನ್ನ ಡೇಟಾಬೇಸಿಗೆ ಹೇಳಿ ಅರ್ಧ ಬರೆದದ್ದನ್ನು ಪೂರ್ತಿ ಮಾಡಿಸಬೇಕು, ಇಲ್ಲದಿದ್ದರೆ ಸಾಲ ಖರ್ಚಾಗಿ ಉಳಿತಾಯ ಖಾತೆಗೆ ಜಮೆಯಾಗದ ನಕಲು ಸಿಗಬಹುದು. 2009ರಲ್ಲಿ ವಿಎಂವೇರ್ ಬದಲಾದ ತುಣುಕುಗಳ ಪಟ್ಟಿಯನ್ನು ತಾನೇ ಇಡತೊಡಗಿತು. ಐನೂರು ಜಿಬಿ ಡಿಸ್ಕಿನಲ್ಲಿ ದಿನಕ್ಕೆ ಬದಲಾಗುವುದು ಐದಾರು ಜಿಬಿ ಇದ್ದೀತು, ಅಷ್ಟನ್ನೇ ಕಳಿಸಿದರೆ ಸಾಕು. ಹೀಗೆ ರಾತ್ರಿಗೊಂದು ಬ್ಯಾಕಪ್ ಎನ್ನುವುದು ಗಂಟೆಗೊಂದು, ಕೆಲವಕ್ಕೆ ಹದಿನೈದು ನಿಮಿಷಕ್ಕೊಂದು ಆಯಿತು. ಹೊತ್ತು ಗೊತ್ತುಮಾಡಿಟ್ಟರೆ ಯಂತ್ರವೇ ಮಾಡುತ್ತದೆ. ಯಾರೂ ಕಾದು ಕೂರಬೇಕಿಲ್ಲ, ಯಾರೂ ಸಹಿ ಹಾಕಬೇಕಿಲ್ಲ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡು, ಒಮ್ಮೆ ಕೊಂಡರೆ ಕಾಯಂ ಎಂಬ ಲೈಸೆನ್ಸನ್ನು ನಿಲ್ಲಿಸಿದ ಮೇಲೆ ಸಣ್ಣ ಸಂಸ್ಥೆಗಳಿಗೆ ಖರ್ಚು ತಾಳದಾಯಿತು. ನಾವೂ ಪ್ರಾಕ್ಸ್‌ಮಾಕ್ಸ್‌ಗೆ ಹೋದೆವು. ಮುಕ್ತ ತಂತ್ರಾಂಶ, ಅದರ ಜೊತೆಗೆ ಹೊಂದುವ ಬ್ಯಾಕಪ್ ಸರ್ವರ್ ತಂತ್ರಾಂಶವನ್ನೂ ಅದೇ ಕಂಪನಿ ಕೊಡುತ್ತದೆ.

ಆದರೆ ಸ್ವಯಂಚಾಲನೆಯ ನಿಜವಾದ ಬೆಲೆ ನಕಲು ತೆಗೆಯುವುದರಲ್ಲಿ ಇಲ್ಲ ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ. ನಮ್ಮ ಆರು ಟೇಪುಗಳೂ ನಕಲು ತೆಗೆಯುವ ಕೆಲಸವನ್ನು ತಪ್ಪದೆ ಮಾಡಿದ್ದವು. ಬೆಲೆ ಇರುವುದು ತಾಲೀಮಿನಲ್ಲಿ. ಈಗ ವಾರಕ್ಕೊಮ್ಮೆ ಬ್ಯಾಕಪ್‌ನಿಂದಲೇ ಸರ್ವರ್‌ಗಳು ಬೇಲಿ ಹಾಕಿದ ಒಂದು ನೆಟ್‌ವರ್ಕಿನಲ್ಲಿ ತಾವಾಗಿ ಎದ್ದು ನಿಲ್ಲುತ್ತವೆ. ಅಸಲಿಗೂ ಅವಕ್ಕೂ ಸಂಪರ್ಕ ಇರುವುದಿಲ್ಲ. ಮೊದಲು ಡೇಟಾಬೇಸ್, ಅದು ಉತ್ತರ ಕೊಟ್ಟ ಮೇಲೆ ಬ್ಯಾಂಕಿಂಗ್ ತಂತ್ರಾಂಶ, ಕೊನೆಗೆ ಎಸ್‌ಎಂಎಸ್ ಕಳಿಸುವ ಸರ್ವರ್. ಈ ಸರದಿ ತಪ್ಪಿದರೆ ಎಲ್ಲವೂ ಎದ್ದಂತೆ ಕಂಡು ಯಾವುದೂ ಕೆಲಸ ಮಾಡುವುದಿಲ್ಲ. ಒಂದು ಸ್ಕ್ರಿಪ್ಟು ನಾಲ್ಕೂ ಕಡೆಯ ಹಿಂದಿನ ದಿನದ ಆಖೈರು ಶಿಲ್ಕನ್ನು ತೆಗೆದು, ಅಸಲಿನ ಜೊತೆ ತಾಳೆ ನೋಡಿ, ಮೇಲ್ ಕಳಿಸಿ, ಎಲ್ಲವನ್ನೂ ಮುಚ್ಚುತ್ತದೆ. ಅಂದಿನ ರಿಜಿಸ್ಟರಿನಲ್ಲಿ "ಬರೆದಾಯಿತು" ಎಂದಷ್ಟೇ ಇರುತ್ತಿತ್ತು, ಇಂದಿನ ಮೇಲ್‌ನಲ್ಲಿ "ಓದಿ ನೋಡಿ ತಾಳೆಯಾಯಿತು" ಎಂದಿರುತ್ತದೆ.

ಕಳೆದುಕೊಂಡದ್ದೂ ಇದೆ, ಅದನ್ನೂ ಬರೆಯಬೇಕು. ಟೇಪಿನ ಮುಂದೆ ಕೂತವನಿಗೆ ಡ್ರೈವಿನ ಸದ್ದು ಬೇರೆಯಾದರೆ ತಿಳಿಯುತ್ತಿತ್ತು. ತಾನಾಗಿ ನಡೆಯುವ ಕೆಲಸ ನಿಂತರೆ ಯಾರಿಗೂ ತಿಳಿಯುವುದಿಲ್ಲ. ಪಾಸ್‌ವರ್ಡ್ ಬದಲಾಗಿ, ಇಲ್ಲವೇ ಡಿಸ್ಕು ತುಂಬಿ, ಬ್ಯಾಕಪ್ ನಿಂತುಹೋಗಿ ತಿಂಗಳಾದರೂ ಮೇಲ್ ನೋಡುವವರಿಲ್ಲದ ಕಚೇರಿಗಳನ್ನು ನಾನು ಕಂಡಿದ್ದೇನೆ. ಇನ್ನೊಂದು, ಟೇಪು ಅಟ್ಟದಲ್ಲಿದ್ದಾಗ ಅದನ್ನು ಅಳಿಸಲು ಕಳ್ಳ ಏಣಿ ಹತ್ತಬೇಕಿತ್ತು. ಈಗ ನೆಟ್‌ವರ್ಕಿಗೆ ನುಗ್ಗಿದ ರಾನ್ಸಮ್‌ವೇರ್ ಮೊದಲು ಹುಡುಕುವುದೇ ಬ್ಯಾಕಪ್ಪನ್ನು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳಿಗೆ ಬೀಗ ಬಿದ್ದು ಎರಡು ವಾರದ ಹತ್ತಿರ ಚೀಟಿ ಬರೆದು ಕೆಲಸ ನಡೆಸಿದರು. ಅಲ್ಲಿ ಒಂದು ಬ್ಯಾಕಪ್ ಸರ್ವರ್‌ಗೆ ಸೋಂಕು ತಗುಲಿರಲಿಲ್ಲ, ರೋಗಿಗಳ ಮಾಹಿತಿ ಹಿಂದಿರುಗಿದ್ದು ಅದರಿಂದ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ದಾಳಿಯಾದಾಗ ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಅದನ್ನು ಪಾವತಿ ಜಾಲದಿಂದ ಬೇರೆ ಮಾಡಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಹಣ ಕಳಿಸುವುದು ನಿಂತಿತು. ಗ್ರಾಮೀಣ ಬ್ಯಾಂಕು, ಸಹಕಾರಿ ಬ್ಯಾಂಕು, ಅಂದರೆ ನಮ್ಮಂಥವರೇ. ಅದಕ್ಕೇ ಗೊತ್ತಾದ ಅವಧಿ ಮುಗಿಯುವತನಕ ಆಡಳಿತದ ಪಾಸ್‌ವರ್ಡ್ ಇದ್ದವನೂ ಅಳಿಸಲಾಗದ ಒಂದು ನಕಲು ಬೇಕು, ತಂತಿಯಿಂದ ಕಿತ್ತಿಟ್ಟ ಇನ್ನೊಂದು ಬೇಕು. ಎರಡನೆಯದನ್ನು ನಾವು ಈಗಲೂ ಡಿಸ್ಕಿಗೆ ತೆಗೆದು ಲಾಕರಿನಲ್ಲಿಡುತ್ತೇವೆ. ಮೂರು ನಕಲು, ಎರಡು ಬಗೆಯ ಮಾಧ್ಯಮ, ಒಂದು ದೂರದಲ್ಲಿ ಎಂಬ ಸೂತ್ರ ಹಳೆಯದಾಗಿಲ್ಲ.

ದೂರದ ವಿಚಾರ ನಮಗೆ ಸರಿಯಾಗಿ ಅರ್ಥವಾದದ್ದು 2018 ಮತ್ತು 2019ರಲ್ಲಿ. ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಾಗ ಗಂಜಾಂನ ನಿಮಿಷಾಂಬ ದೇವಸ್ಥಾನದ ಮೆಟ್ಟಿಲುಗಳು ಮುಳುಗಿದವು, ಸಂಗಮದ ಕಡೆ ಜನರನ್ನು ಬಿಡಲಿಲ್ಲ. ಊರಿಗೆ ಊರೇ ಹೊಳೆಯ ಮಟ್ಟವನ್ನೇ ಕೇಳುತ್ತಿತ್ತು. ಆಡಳಿತ ಮಂಡಳಿಯ ಮುಂದೆ ನಕ್ಷೆ ಹರಡಿ ಕೋಟೆಯನ್ನೂ ಗಂಜಾಂ ಅನ್ನೂ ಬೆರಳಿಟ್ಟು ತೋರಿಸಿದ ಮೇಲೆ ಹಣ ಮಂಜೂರಾಯಿತು. ಈಗ ಒಂದು ನಕಲು ಸುಮಾರು 700 ಕಿಲೋಮೀಟರ್ ದೂರದ ಹೈದರಾಬಾದಿನ ಡೇಟಾ ಸೆಂಟರಿನಲ್ಲಿದೆ.

ದೊಡ್ಡವರಿಗೆಲ್ಲ ಇದು ತಿಳಿದಿರುತ್ತದೆ ಎಂದುಕೊಳ್ಳುವ ಹಾಗಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಯುಪಿಎಸ್ ಬ್ಯಾಟರಿಗಳನ್ನು ಸ್ಥಳಾಂತರಿಸುವಾಗ ಬೆಂಕಿ ಹತ್ತಿತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಅದಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ, ಗಾತ್ರ ಬಹಳ ದೊಡ್ಡದು ಎಂಬುದು ಕೊಟ್ಟ ಕಾರಣ. ಎರಡನೇ ಡ್ರೈವಿಗೆ ಹಣವಿಲ್ಲ ಎಂಬ ನಮ್ಮ ಕಡತದ ಕಾರಣಕ್ಕೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ವಾಣಿಜ್ಯ ಬ್ಯಾಂಕುಗಳು ಮುಖ್ಯ ವ್ಯವಸ್ಥೆಗಳ ಡಿಆರ್ ಡ್ರಿಲ್ಲನ್ನು, ಅಂದರೆ ಅನಾಹುತದಿಂದ ಚೇತರಿಸಿಕೊಳ್ಳುವ ತಾಲೀಮನ್ನು, ಅರ್ಧ ವರ್ಷಕ್ಕೊಮ್ಮೆಯಾದರೂ ಮಾಡಬೇಕು ಎಂಬುದು 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನ. ನಮ್ಮಲ್ಲಿ ವಾರದ ತಾಲೀಮು ಯಂತ್ರವೇ ಮಾಡಿದರೂ, ವರ್ಷಕ್ಕೆ ಎರಡು ಭಾನುವಾರ ಅಸಲು ಸರ್ವರನ್ನೇ ಬಂದ್ ಮಾಡಿ ಹೈದರಾಬಾದಿನಿಂದ ಶಾಖೆಗಳನ್ನು ನಡೆಸುತ್ತೇವೆ. ನಾಗಮಂಗಲದ ಹುಡುಗಿ ಒಬ್ಬಳು, ಫ್ಲಾಪಿ ಕಂಡವಳಲ್ಲ, ಫೋನಿನಲ್ಲಿ "ಸಾರ್, ಇಲ್ಲಿ ಬ್ಯಾಲೆನ್ಸ್ ಬಂತು, ರಸೀದಿನೂ ಬಂತು" ಎಂದಾಗ ಹೊತ್ತು ಬರೆದುಕೊಳ್ಳುತ್ತೇನೆ. ಶುರುವಿನಲ್ಲಿ ನಾಲ್ಕು ಗಂಟೆ ಹಿಡಿಯುತ್ತಿತ್ತು, ಈಗ ನಲವತ್ತು ನಿಮಿಷ. ಯಂತ್ರಕ್ಕೆ ಗೊತ್ತಿಲ್ಲದ ಸಂಗತಿಗಳು ಆ ಭಾನುವಾರಗಳಲ್ಲೇ ಹೊರಬರುತ್ತವೆ: ಒಂದು ಶಾಖೆಯ ರೂಟರಿನಲ್ಲಿ ಹಳೆಯ ವಿಳಾಸ, ರಜೆಯಲ್ಲಿರುವವರ ಹತ್ತಿರ ಉಳಿದ ಕೀಲಿ, ಬದಲಾದ ಫೋನ್ ನಂಬರು.

ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರಿಗೆ ಏರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಈ ನಾಲ್ಕು ತಾಲ್ಲೂಕುಗಳ ಹಳ್ಳಿ ಸೊಸೈಟಿಗಳ ಲೆಕ್ಕವೂ ಕ್ಲೌಡಿಗೆ ಹೋಗುವ ಕಾಲ ಇದು, ವೋಚರಿನ ಕಟ್ಟು ತೆಳುವಾಗುತ್ತಿರುವ ಕಾಲ. ನೀವು ಯಾವುದಾದರೂ ಸೊಸೈಟಿಯ ಸದಸ್ಯರಾಗಿದ್ದರೆ ಈ ಸಲದ ವಾರ್ಷಿಕ ಮಹಾಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಬ್ಯಾಕಪ್‌ನಿಂದ ಲೆಕ್ಕವನ್ನು ವಾಪಸ್ ತೆಗೆದು ತಾಳೆ ನೋಡಿದ್ದು ಕೊನೆಯ ಸಲ ಯಾವ ತಾರೀಖು? "ಬ್ಯಾಕಪ್ ಇದೆ" ಎಂದರೆ ಕೂರಬೇಡಿ. ತಾರೀಖು ಹೇಳಿಸಿ, ನಡಾವಳಿಯಲ್ಲಿ ಬರೆಸಿ.