ಚೋಕ್ ಒಳಗೆ ತಳ್ಳಿದ್ರೆ ಗಾಡಿ ಆಫ್!

ಕಾರ್ಬುರೇಟರ್ ಅಂದ್ರೆ ನಮಗೆಲ್ಲ ಇಂಟರ್ನಲ್ಸ್‌ಗೆ ಮುಂಚೆ ಬಾಯಿಪಾಠ ಮಾಡೋ ಒಂದು ಚಿತ್ರ, ಅಷ್ಟೇ. ವೆಂಚುರಿ, ಫ್ಲೋಟ್, ಜೆಟ್ ಅಂತ ಬಾಣ ಹಾಕಿ ತೋರಿಸಿದ್ರೆ ಮಾರ್ಕ್ಸ್ ಗ್ಯಾರಂಟಿ. ಅದನ್ನ ಕೈಯಲ್ಲಿ ಹಿಡಿದು ನೋಡೋ ಯೋಗ ಬಂದದ್ದು ಹೋದ ರಜೆಯಲ್ಲಿ, ಹಾಸನದ ನಮ್ಮ ರೂಂಮೇಟ್ ಮನೆಯಲ್ಲಿ.

ಅಲ್ಲೊಂದು ಹಳೇ ಮಾರುತಿ 800 ಇದೆ. 796 ಸಿಸಿ, ಮೂರು ಸಿಲಿಂಡರ್, ಎಂಪಿಎಫ್‌ಐ ಬರೋದಕ್ಕೂ ಮುಂಚಿನದು. ಅದರಲ್ಲೇ ಅವನಿಗೆ ಡ್ರೈವಿಂಗ್ ಕಲಿಸಿದ ಅಪ್ಪ ಈಗಿಲ್ಲ. ಗಾಡಿ ಎರಡು ವರ್ಷದಿಂದ ಶೆಡ್ಡಿನಲ್ಲೇ ನಿಂತಿತ್ತು. ಕಾರ್ಬುರೇಟರನ್ನೇ ಬದಲಿಸ್ಬೇಕು ಅಂತ ಯಾರೋ ಹೇಳಿದ್ಮೇಲೆ ಗುಜರಿಗೆ ಕೊಡೋ ಮಾತು ನಡೀತಿತ್ತು.

"ಎರಡು ದಿನ ಟೈಮ್ ಕೊಡಿ ಆಂಟಿ" ಅಂದೆವು.

"ನೋಡ್ರಪ್ಪಾ, ನನಗೂ ಕೊಡೋಕೆ ಮನಸ್ಸಿಲ್ಲ" ಅಂದ್ರು.

ಬ್ಯಾಟರಿ ಚಾರ್ಜ್ ಮಾಡಿ, ಹಳೇ ಪೆಟ್ರೋಲ್ ತೆಗೆದು ಹೊಸದು ಹಾಕಿದೆವು. ಚೋಕ್ ಎಳೆದ್ರೆ ಸ್ಟಾರ್ಟ್ ಆಗತ್ತೆ. ಇಂಜಿನ್ ಬಿಸಿಯಾದ ಮೇಲೂ ಚೋಕ್ ಒಳಗೆ ತಳ್ಳಿದ್ರೆ ಆಫ್. ಆಕ್ಸಿಲರೇಟರ್ ಒತ್ತಿ ಹಿಡಿದ್ರೆ ಮಾತ್ರ ಚೆನ್ನಾಗಿ ಓಡತ್ತೆ!

ಬಿಚ್ಚೋಕೆ ಮುಂಚೆ ಕೂತು ಯೋಚಿಸಿದೆವು. ಪೆಟ್ರೋಲ್ ಪೂರ್ತಿ ಉರಿಯೋಕೆ ತೂಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಚೋಕ್ ಗಾಳಿಯನ್ನ ತಡೆದು ಮಿಶ್ರಣವನ್ನ ರಿಚ್ ಮಾಡತ್ತೆ. ಚೋಕ್ ಇದ್ರೇ ಇಂಜಿನ್ ಓಡತ್ತೆ ಅಂದ್ಮೇಲೆ ಐಡಲ್‌ನಲ್ಲಿ ಮಿಶ್ರಣ ಲೀನ್ ಆಗಿದೆ. ಒಂದೋ ಬೇಡದ ಗಾಳಿ ಎಲ್ಲಿಂದಲೋ ಒಳಗೆ ಬರ್ತಿದೆ, ಇಲ್ಲಾ ಬೇಕಾದ ಪೆಟ್ರೋಲ್ ಬರ್ತಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಓಡೋದ್ರಿಂದ ಪಂಪು, ಮೇನ್ ಜೆಟ್ ಎರಡರ ಮೇಲೂ ಅನುಮಾನ ಕಡಿಮೆ.

ಒಂದು ಸಲಕ್ಕೆ ಒಂದನ್ನೇ ಮುಟ್ಟೋದು ಅಂತ ನಿಯಮ ಮಾಡಿಕೊಂಡೆವು. ಮೊದಲು ಗಾಳಿ. ಇಂಜಿನ್ ಓಡ್ತಿರುವಾಗ ವ್ಯಾಕ್ಯೂಮ್ ಹೋಸ್‌ಗಳನ್ನ ಒಂದೊಂದಾಗಿ ಬೆರಳಲ್ಲಿ ಅದುಮಿದೆವು. ಮ್ಯಾನಿಫೋಲ್ಡಿನ ಹತ್ತಿರ ಒಂದನ್ನ ಅದುಮಿದಾಗ ಸದ್ದೇ ಬದಲಾಯ್ತು. ನೋಡಿದ್ರೆ ಹೋಸಿನ ತುದಿ ಬಿರುಕು ಬಿಟ್ಟಿತ್ತು. ಬದಲಿಸಿದೆವು. ಸ್ವಲ್ಪ ಸುಧಾರಿಸಿತು, ಆದ್ರೂ ಆಫ್ ಆಗೋದು ನಿಲ್ಲಲಿಲ್ಲ.

ಆಮೇಲೆ ಪೆಟ್ರೋಲ್. ಇಂಜಿನ್ ತಣ್ಣಗಾದ ಮೇಲೆ ಐಡಲ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದ್ರೆ ತೂತೇ ಕಾಣ್ತಿಲ್ಲ. ನಿಂತ ಪೆಟ್ರೋಲ್ ಗೋಂದಾಗಿ ಕೂತಿತ್ತು. ತಂತಿ ಹಾಕಿದ್ರೆ ತೂತು ದೊಡ್ಡದಾಗಿ ಅಳತೆಯೇ ಕೆಡತ್ತೆ. ಅದಕ್ಕೆ ಕಾರ್ಬ್ ಕ್ಲೀನರ್ ಹೊಡೆದು, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಿಡಿಸಿದೆವು. ಸೂಜಿಮೊನೆಯಷ್ಟು ಬೆಳಕು ಆಚೆ ಬಂತು.

ವಾಪಸ್ ಹಾಕಿ, ಇಂಜಿನ್ ಬಿಸಿ ಮಾಡಿ, ಮಿಕ್ಸ್ಚರ್ ಸ್ಕ್ರೂವನ್ನ ಕಾಲು ಕಾಲು ಸುತ್ತು ತಿರುಗಿಸ್ತಾ ಸದ್ದು ಒಂದೇ ಸಮ ಬರೋ ಜಾಗ ಹುಡುಕಿದೆವು. ಕೊನೆಗೆ ಐಡಲ್ ಸ್ಪೀಡ್ ಸ್ಕ್ರೂ. ಚೋಕ್ ಪೂರ್ತಿ ಒಳಗೆ, ಕಾಲು ಪೆಡಲ್ ಮೇಲಿಲ್ಲ, ಗಾಡಿ ಗುರ್ ಅಂತ ನಿಂತೇ ಇತ್ತು!

ಸದ್ದು ಕೇಳಿ ಆಂಟಿ ಹೊರಗೆ ಬಂದ್ರು. ಏನೂ ಮಾತಾಡಲಿಲ್ಲ, ಎಡಗಡೆ ಬಾಗಿಲು ತೆಗೆದು ಕೂತ್ರು. ಮಗ ಗೇರ್ ಹಾಕಿದ.

ಈಗಿನ ಕಾರಾಗಿದ್ರೆ ಸ್ಕ್ಯಾನರ್ ಹಾಕಿ ಕೋಡ್ ಓದ್ತಿದ್ವೇನೋ. ಇಲ್ಲಿ ಆ ಕೆಲಸ ಮಾಡಿದ್ದು ಚೋಕ್ ನಾಬು, ನಮ್ಮ ಕಿವಿ ಮತ್ತೆ ಕ್ಲಾಸಲ್ಲಿ ಬರೆದುಕೊಂಡಿದ್ದ ಆ 14.7. ನಿಮ್ಮ ಮನೆ ಶೆಡ್ಡಿನಲ್ಲೂ ಇಂಥದ್ದೊಂದು ನಿಂತಿದ್ರೆ, ಗುಜರಿಯವರಿಗೆ ಫೋನ್ ಮಾಡೋ ಮುಂಚೆ ನಮಗೊಂದು ಮಾತು ಹೇಳಿ. ಸ್ಪ್ಯಾನರ್ ಹಿಡಿದು ಬರ್ತೀವಿ, ಊಟ ಮಾತ್ರ ನಿಮ್ಮದು!