ಏತಕ್ಕೆ ಕಟ್ಟಿದ ಕವಣೆ

ಸಂಘದ ಪತ್ರಿಕೆಗೆ ಏನಾದರೊಂದು ಬರೆದುಕೊಡಲೇಬೇಕೆಂದು ಸಂಪಾದಕ ಮಿತ್ರರು ಮೂರು ವಾರದಿಂದ ಬೆನ್ನು ಹತ್ತಿದ್ದಾರೆ. ಕವಿತೆ ನನಗೆ ಒಗ್ಗುವುದಿಲ್ಲ. ಕಥೆ ಬರೆಯೋಣವೆಂದರೆ ಮುಂಬಯಿಯ ಲೋಕಲ್ ಗಾಡಿ, ಗರ್ದಿ, ಏಕಾಕಿತನ ಇವುಗಳ ಮೇಲೆ ನಮ್ಮ ಗೆಳೆಯರು ಆಗಲೇ ಸಾಕಷ್ಟು ಬರೆದು ಮುಗಿಸಿದ್ದಾರೆ. ಆದ್ದರಿಂದ ಈ ಬೇಸಿಗೆಯ ರಜೆಯಲ್ಲಿ ನಾನೂ ನನ್ನೊಬ್ಬ ಗೆಳೆಯನೂ ಸೇರಿ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಗಚ್ಚಿಯ ಮೇಲೆ ಕಟ್ಟಿದ ಒಂದು ಯಂತ್ರದ ಸಂಗತಿಯನ್ನೇ ಹೇಳುತ್ತೇನೆ. ಅದರ ಹೆಸರು ಟ್ರೆಬುಶೆ. ಹೆಸರು ಕೇಳಿ ಯಾವುದೋ ಫ್ರೆಂಚ್ ತಿಂಡಿಯೆಂದು ಬಾಯಲ್ಲಿ ನೀರು ತಂದುಕೊಳ್ಳಬೇಡಿ. ಇದು ಕಲ್ಲು ಎಸೆಯುವ ಯಂತ್ರ. ಫಿರಂಗಿ ಬರುವ ಮೊದಲು ಕೋಟೆಗಳ ಗೋಡೆ ಕೆಡವುತ್ತಿದ್ದದ್ದು.

ಇದರಲ್ಲಿ ಸ್ಪ್ರಿಂಗಿಲ್ಲ, ರಬ್ಬರಿಲ್ಲ, ಮದ್ದಿಲ್ಲ. ಒಂದು ಉದ್ದನೆಯ ತೊಲೆ. ಅದನ್ನು ನಟ್ಟನಡುವೆ ಅಲ್ಲ, ಒಂದು ತುದಿಗೆ ಹತ್ತಿರವಾಗಿ ಅಚ್ಚಿನ ಮೇಲೆ ಕೂರಿಸಿರುತ್ತಾರೆ. ಗಿಡ್ಡ ತುದಿಗೆ ಭಾರವಾದ ಪೆಟ್ಟಿಗೆ, ಉದ್ದ ತುದಿಗೆ ಹಗ್ಗದ ಜೋಳಿಗೆ, ಜೋಳಿಗೆಯಲ್ಲಿ ಕಲ್ಲು. ಉದ್ದ ತುದಿಯನ್ನು ನೆಲಕ್ಕೆ ಎಳೆದು ಕಟ್ಟಿದರೆ ಭಾರ ಮೇಲೇರಿ ನಿಲ್ಲುತ್ತದೆ. ಕಟ್ಟು ಬಿಚ್ಚಿದಿರೋ, ಭಾರ ಕೆಳಗೆ ಬೀಳುತ್ತದೆ, ತೊಲೆ ಮೇಲೆ ಚಿಮ್ಮುತ್ತದೆ, ಜೋಳಿಗೆ ಚಾಟಿಯ ಹಾಗೆ ಸುತ್ತಿ ಬಂದು ಕಲ್ಲನ್ನು ಬಿಡುತ್ತದೆ. ಅಷ್ಟೆ.

ಚೀನಾದಲ್ಲಿ ಕ್ರಿಸ್ತಪೂರ್ವದಲ್ಲೇ ಇದರ ಅಣ್ಣ ಇದ್ದ. ಅಲ್ಲಿ ಭಾರದ ಬದಲು ಮನುಷ್ಯರು ಗಿಡ್ಡ ತುದಿಗೆ ಕಟ್ಟಿದ ಹಗ್ಗಗಳನ್ನು ಒಮ್ಮೆಲೇ ಜಗ್ಗುತ್ತಿದ್ದರು. ಮನುಷ್ಯರ ಜಾಗಕ್ಕೆ ಭಾರದ ಪೆಟ್ಟಿಗೆ ಬಂದದ್ದು 12ನೆಯ ಶತಮಾನದ ಸುಮಾರಿಗೆ, ಮೆಡಿಟರೇನಿಯನ್ ಕಡಲಿನ ಸುತ್ತಲ ನಾಡುಗಳಲ್ಲಿ. 1304ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಗೆ ಮುತ್ತಿಗೆ ಹಾಕಿ 'ವಾರ್‌ವುಲ್ಫ್' ಎಂಬ ಭಾರೀ ಟ್ರೆಬುಶೆ ಕಟ್ಟಿಸಿದ. ಒಳಗಿನವರು ಶರಣಾಗುತ್ತೇವೆಂದರೂ ಆತ ಒಪ್ಪಲಿಲ್ಲ; ಯಂತ್ರ ಕಲ್ಲೆಸೆಯುವುದನ್ನು ಮೊದಲು ನೋಡಬೇಕಿತ್ತಂತೆ! ದೊರೆಯ ಕ್ರೌರ್ಯಕ್ಕೆ ಕ್ಷಮೆಯಿಲ್ಲ. ಆದರೆ ಕಟ್ಟಿದ ಮೇಲೆ ಹಾರಿಸಿ ನೋಡದೆ ಸಮಾಧಾನವಾಗದ ಆ ಚಟ ಏನೆಂಬುದು ಈಗ ನನಗೂ ಸ್ವಲ್ಪ ಗೊತ್ತು.

ನಮ್ಮ ದೇಶಕ್ಕೂ ಇಂಥ ಯಂತ್ರಗಳು ಬಂದಿದ್ದವು. 1301ರಲ್ಲಿ ಅಲ್ಲಾವುದ್ದೀನ್ ಖಿಲ್ಜಿಯ ಸೈನ್ಯ ರಣಥಂಬೋರ್ ಕೋಟೆಯನ್ನು ಮುತ್ತಿದಾಗ ಒಳಗಿನಿಂದ ಹಾರಿಬಂದ ಕಲ್ಲು ತಗಲಿಯೇ ಅವನ ಸೇನಾಪತಿ ನುಸ್ರತ್ ಖಾನ್ ಸತ್ತದ್ದು. ಈ ಸಂಗತಿಯನ್ನು ನಮ್ಮ ತಾಯಿಗೆ ನಾನು ಹೇಳಲಿಲ್ಲ. ಆದರೆ ಯಂತ್ರದ ಮುಂದಾಗಲಿ ಹಿಂದಾಗಲಿ ಯಾರೂ ನಿಲ್ಲಕೂಡದು, ಪಕ್ಕದಲ್ಲೇ ನಿಲ್ಲಬೇಕು ಎಂಬ ನಿಯಮವನ್ನು ಮೊದಲ ದಿನವೇ ಸೀಮೆಸುಣ್ಣದಿಂದ ಗಚ್ಚಿಯ ಗೋಡೆಗೆ ಬರೆದೆವು.

ನನ್ನ ಗೆಳೆಯ ಉಡುಪಿ ಕಡೆಯವನು. ಯಂತ್ರದ ಚಿತ್ರ ನೋಡಿದ ಕೂಡಲೇ, "ಇದು ನಮ್ಮ ಅಜ್ಜಿ ಮನೆಯ ಬಾವಿಯ ಏತ ಅಲ್ಲವೋ ಮಾರಾಯಾ!" ಎಂದ. ನಿಜವೇ. ಏತದಲ್ಲೂ ಉದ್ದ ತುದಿ, ಗಿಡ್ಡ ತುದಿ. ಗಿಡ್ಡ ತುದಿಗೆ ಕಟ್ಟಿದ ಕಲ್ಲಿನ ಭಾರ ಬಾವಿಯ ನೀರನ್ನು ಮೇಲೆತ್ತುತ್ತದೆ. ಏತ ಮೆಲ್ಲಗೆ ಮಾಡುವುದನ್ನೇ ಇದು ಅವಸರದಲ್ಲಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಉಳಿದ ಅರ್ಧವನ್ನು ಗುರುತಿಸಿದ್ದು ನಮ್ಮ ಅಜ್ಜ.

ಅಜ್ಜನ ಬಗ್ಗೆ ಎರಡು ಮಾತು ಹೇಳಬೇಕು. ವಿಜಾಪುರ ಜಿಲ್ಲೆಯ ಡೋಣಿ ಸಾಲಿನ ಎರೆಹೊಲದಲ್ಲಿ ಇಡೀ ಆಯುಷ್ಯ ದುಡಿದವನು. ಹೋದ ವರ್ಷ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಅಪ್ಪ ಅವನನ್ನು ಮುಂಬಯಿಗೆ ಕರೆತಂದರು. ಡಾಕ್ಟರು ಬಲಗೈಯಲ್ಲಿ ಹಿಸುಕುತ್ತಿರಲು ಒಂದು ರಬ್ಬರ್ ಚೆಂಡು ಕೊಟ್ಟರು. ಅಜ್ಜ ಅದನ್ನು ಒಂದು ದಿನವೂ ಮುಟ್ಟಲಿಲ್ಲ, "ನಾನೇನು ಕೂಸೇನು?" ಎಂದ. ಊರಿನಲ್ಲಿ ಹತ್ತು ಮಂದಿಗೆ ಕೇಳುವಂತೆ ಮಾತಾಡುತ್ತಿದ್ದವನು ಇಲ್ಲಿ ಕಿಟಕಿಯ ಬಳಿ ಕೂತು ದಿನಕ್ಕೆ ನಾಲ್ಕು ಮಾತೂ ಆಡುತ್ತಿರಲಿಲ್ಲ. ಸಂಜೆ ಗಾಳಿಗಾಗಿ ಅವನನ್ನು ಗಚ್ಚಿಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸುವುದು ನನ್ನ ಪಾಲಿನ ಕೆಲಸ. ಯಂತ್ರವನ್ನು ಗಚ್ಚಿಯ ಮೇಲೆ ಕಟ್ಟಿದ್ದಕ್ಕೆ ಅದೂ ಒಂದು ಕಾರಣ.

ಸಾಮಾನು ಕೇಳಿದರೆ ನಗುತ್ತೀರಿ. ಹಳೆಯ ಮಂಚದ ಸಾಗವಾನಿ ಪಟ್ಟಿಯೊಂದು ತೊಲೆಯಾಯಿತು. ಉದ್ದ 75 ಸೆಂಟಿಮೀಟರ್: ಅಚ್ಚಿನ ಒಂದು ಕಡೆ 60, ಇನ್ನೊಂದು ಕಡೆ 15. ಅಚ್ಚಿಗೆ ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ಸರಳು, ನೆಲದಿಂದ 43 ಸೆಂಟಿಮೀಟರ್ ಎತ್ತರದಲ್ಲಿ. ಎಣ್ಣೆಯ ಡಬ್ಬಿಗೆ ಮರಳು ಮತ್ತು ತುಕ್ಕು ಹಿಡಿದ ನಟ್ಟು-ಬೋಲ್ಟು ತುಂಬಿ, ಕೆಳಗಿನ ಕಿರಾಣಿ ಅಂಗಡಿಯಲ್ಲಿ ತೂಗಿಸಿ, ಸರಿಯಾಗಿ 2 ಕಿಲೋ ಮಾಡಿದೆವು. ಇಂಗ್ಲೆಂಡಿನ ವಾರ್‌ವಿಕ್ ಕೋಟೆಯಲ್ಲಿ 2005ರಲ್ಲಿ ಕಟ್ಟಿ ನಿಲ್ಲಿಸಿದ ಟ್ರೆಬುಶೆ 18 ಮೀಟರ್ ಎತ್ತರ, 22 ಟನ್ ತೂಕ. ನಮ್ಮದು ಅದರ ಮೊಮ್ಮಗನ ಮೊಮ್ಮಗ ಎನ್ನಿ.

ಜೋಳಿಗೆಗೆ ನನ್ನ ಹಳೆಯ ಪ್ಯಾಂಟಿನ ತುಂಡು. ಅದಕ್ಕೆ ಎರಡು ದಾರ. ಒಂದು ದಾರವನ್ನು ತೊಲೆಗೆ ಗಟ್ಟಿಯಾಗಿ ಕಟ್ಟಿದೆವು. ಇನ್ನೊಂದರ ತುದಿಗೆ ಒಂದು ಬಳೆ. ತೊಲೆಯ ತುದಿಗೆ ತಲೆ ಕತ್ತರಿಸಿದ ಒಂದು ಮೊಳೆ. ಬಳೆಯನ್ನು ಆ ಮೊಳೆಗೆ ಸುಮ್ಮನೆ ಸಿಕ್ಕಿಸಿಡುವುದು. ಜೋಳಿಗೆ ಸುತ್ತಿ ಬಂದಾಗ ಬಳೆ ಮೊಳೆಯಿಂದ ಜಾರುತ್ತದೆ, ಜೋಳಿಗೆ ಬಿಚ್ಚುತ್ತದೆ, ಕಲ್ಲು ಹೋಗುತ್ತದೆ.

ಇದನ್ನು ಕಟ್ಟುತ್ತಿದ್ದಾಗ ಅಜ್ಜ ಕುರ್ಚಿಯಲ್ಲೇ ಮುಂದಕ್ಕೆ ಬಗ್ಗಿ, "ತಡೀರಿ. ಇದು ಕವಣಿ ಅಲ್ಲೇನೋ?" ಎಂದ. ಎಷ್ಟೋ ತಿಂಗಳ ಮೇಲೆ ತಾನಾಗಿ ಆಡಿದ ಮಾತು. ಜೋಳ ಹಾಲುಗಾಳಾದಾಗ ಗುಬ್ಬಿ, ಗಿಳಿ ಇಳಿಯುತ್ತವೆ. ಹೊಲದ ನಡುವೆ ಅಟ್ಟ ಕಟ್ಟಿ, ಅದರ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯುತ್ತಾರೆ. "ಒಂದು ಎಳಿ ಬೆರಳಿಗೆ ಹಾಕ್ಕೊಂಡಿರೂದು, ಇನ್ನೊಂದು ಎಳಿ ಬಿಡೂದು. ಇದೂ ಹಂಗ ಐತಿ. ಬೆರಳಿನ ಬದಲಿ ಮೊಳಿ ಐತಿ," ಎಂದ. ಹೀಗೆ ಕರಾವಳಿಯ ಏತವೂ ಬಯಲುಸೀಮೆಯ ಕವಣೆಯೂ ಡೊಂಬಿವಲಿಯ ಗಚ್ಚಿಯ ಮೇಲೆ ಕೂಡಿಕೊಂಡವು.

ಮೊದಲ ಹೊಡೆತಕ್ಕೆ ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತಂದೆವು. ಚಿಲಕದ ಹುರಿ ಜಗ್ಗಿದ್ದೇ ತಡ, ನಿಂಬೆಹಣ್ಣು ಮುಂದೆ ಹೋಗುವುದನ್ನು ಬಿಟ್ಟು ಹಿಂದಕ್ಕೆ ಹಾರಿ, ಗೋಡೆ ದಾಟಿ, ಪಕ್ಕದ ಚಾಳಿನ ಅಂಗಳದಲ್ಲಿ ಬಿತ್ತು. ಅಂದು ಶನಿವಾರ ಬೇರೆ. ಆಕಾಶದಿಂದ ಅಂಗಳಕ್ಕೆ ನಿಂಬೆಹಣ್ಣು ಬಿದ್ದರೆ ಮನುಷ್ಯರು ಏನೆಂದುಕೊಳ್ಳಬೇಕು, ನೀವೇ ಹೇಳಿ! "ಲಿಂಬೂ ಕೋಣೀ ಟಾಕಲಂ?" ಎಂದು ಕೆಳಗಿನ ಕಾಕು ಇಡೀ ಓಣಿಗೆ ಕೇಳುವಂತೆ ಕೂಗಿದರು. ಮಾಟವಲ್ಲ, ಭೌತಶಾಸ್ತ್ರ ಎಂದು ನನ್ನ ಹರಕು ಮರಾಠಿಯಲ್ಲಿ ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಬೇಕಾಯಿತು. ಅಜ್ಜ ನಕ್ಕ. ಬಾಯಿ ಒಂದು ಕಡೆ ಸ್ವಲ್ಪ ಸೊಟ್ಟಗಾಗಿರುವುದರಿಂದ ಆ ನಗು ಅರ್ಧವೇ ಕಾಣುತ್ತದೆ. ಆದರೆ ಶಬ್ದ ಪೂರ್ತಿ ಇತ್ತು.

"ನಿಂಬಿಹಣ್ಣು ಬ್ಯಾಡ. ಒಂದರಂಗ ಒಂದು ಇರೂದಿಲ್ಲ. ಮಣ್ಣಿನ ಉಂಡಿ ಮಾಡ್ರಿ," ಎಂದ. ಕುಂಡಗಳ ಮಣ್ಣು ಜರಡಿ ಹಿಡಿದು, ಕಲಸಿ, ಒಂದೊಂದನ್ನೂ ತೂಗಿ, ಒಣಗಿದ ಮೇಲೆ 40 ಗ್ರಾಮು ಉಳಿಯುವಂತೆ ಉಂಡೆ ಕಟ್ಟತೊಡಗಿದೆವು. ಸ್ವಲ್ಪ ಹೊತ್ತಿಗೆ ಅಜ್ಜನೂ ಒಂದು ಮುದ್ದೆ ಕೇಳಿದ. ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಅದರಲ್ಲಿ ಮಣ್ಣಿಟ್ಟು, ಎಡಗೈಯಿಂದ ಉರುಟು ಮಾಡಿದ. ಅಂಗೈ ಬಟ್ಟಲಿನ ಹಾಗೆ ಸುಮ್ಮನೆ ಬಿದ್ದಿತ್ತು. ಆದರೂ ಅವನ ಉಂಡೆಗಳು ನಮ್ಮವಕ್ಕಿಂತ ದುಂಡಗಿದ್ದವು. ನಾಲ್ಕು ದಿನದಲ್ಲಿ ಅರವತ್ತು ಉಂಡೆ ಆದವು. ಮಣ್ಣಿನ ಉಂಡೆಯ ಇನ್ನೊಂದು ಗುಣವೆಂದರೆ ಬಿದ್ದಲ್ಲಿ ಪುಡಿಯಾಗುತ್ತದೆ, ಯಾರಿಗೂ ಅಪಾಯವಿಲ್ಲ. ಗಚ್ಚಿಯ ಆ ತುದಿಗೆ ಅವ್ವನ ಹಳೆಯ ಚಾದರ ಕಟ್ಟಿದೆವು.

ಇನ್ನು ಶ್ರುತಿ ಮಾಡುವ ಕೆಲಸ. ಶ್ರುತಿ ಎಂದೇ ಹೇಳಬೇಕು, ಯಾಕೆಂದರೆ ಇಲ್ಲಿಯೂ ಒಂದು ಕೂದಲೆಳೆಯ ವ್ಯತ್ಯಾಸ ಎಲ್ಲವನ್ನೂ ಕೆಡಿಸುತ್ತದೆ. ಗುಟ್ಟು ಇರುವುದು ಆ ತಲೆಯಿಲ್ಲದ ಮೊಳೆಯಲ್ಲಿ. ಮೊಳೆ ತೊಲೆಯ ನೇರಕ್ಕೆ ಇದ್ದರೆ ಬಳೆ ಬೇಗ ಜಾರುತ್ತದೆ. ಕಲ್ಲು ನೆತ್ತಿಗೋ ಹಿಂದಕ್ಕೋ ಹೋಗುತ್ತದೆ. ಮೊಳೆಯನ್ನು ಎಸೆಯುವ ದಿಕ್ಕಿಗೆ ಬಗ್ಗಿಸಿದಷ್ಟೂ ಬಳೆ ತಡವಾಗಿ ಜಾರುತ್ತದೆ. ಕಲ್ಲು ತಗ್ಗಾಗಿ ಹೋಗುತ್ತದೆ. ತೀರಾ ಬಗ್ಗಿಸಿದರೆ ಮುಂದಿನ ನೆಲಕ್ಕೇ ಅಪ್ಪಳಿಸುತ್ತದೆ. ಗೆಳೆಯ ಕಂಪಾಸಿನ ಕೋನಮಾಪಕ ತಂದ. 15 ಡಿಗ್ರಿ ಬಗ್ಗಿಸಿದಾಗ 4 ಮೀಟರ್. 30ಕ್ಕೆ 9 ಮೀಟರ್. 40ಕ್ಕೆ 10. 50ಕ್ಕೆ ಮತ್ತೆ 6ಕ್ಕಿಳಿಯಿತು. ಪ್ರತಿಯೊಂದಕ್ಕೂ ಮೂರು ಹೊಡೆತ, ಮೂರರ ಸರಾಸರಿ.

ಜೋಳಿಗೆಯ ದಾರದ ಉದ್ದವನ್ನೂ ಜೊತೆಗೇ ಬದಲಿಸಿದರೆ ಬೇಗ ಮುಗಿಯುತ್ತದಲ್ಲ ಎಂದು ಗೆಳೆಯ ಅವಸರ ಮಾಡಿದ. ಅಜ್ಜ ತಡೆದ. "ಒಮ್ಮಿಗೆ ಎರಡು ಬದಲಿ ಮಾಡಬ್ಯಾಡ್ರಿ. ಯಾವುದರಿಂದ ಏನಾತು ಅಂತ ತಿಳಿಯೂದಿಲ್ಲ." ಪ್ರಯೋಗಶಾಲೆಯಲ್ಲಿ ನಮ್ಮ ಪ್ರಾಧ್ಯಾಪಕರು ಇಂಗ್ಲಿಷಿನಲ್ಲಿ ವರ್ಷಕ್ಕೆ ನೂರು ಸಲ ಹೇಳುವುದೂ ಇದನ್ನೇ. ದಾರ 60 ಸೆಂಟಿಮೀಟರ್ ಇದ್ದದ್ದನ್ನು 55ಕ್ಕೆ ಇಳಿಸಿದೆವು, ಮೊಳೆಯನ್ನು ಮತ್ತೆ ಮೊದಲಿನಿಂದ ಹೊಂದಿಸಿದೆವು. ದಾರ ಬದಲಾದರೆ ಬಳೆ ಜಾರುವ ಕ್ಷಣವೂ ಬದಲಾಗುತ್ತದೆ. ಎರಡೂ ಒಂದಕ್ಕೊಂದು ಗಂಟುಬಿದ್ದಿವೆ. ಕಡೆಗೆ 55 ಸೆಂಟಿಮೀಟರ್ ದಾರ, 35 ಡಿಗ್ರಿ ಮೊಳೆಗೆ ಬಂದು ನಿಂತೆವು.

ಅಜ್ಜನಿಗೆ ಎರಡೂ ಕಣ್ಣಿನಲ್ಲಿ ಪೊರೆ. ಉಂಡೆ ಎಲ್ಲಿ ಬಿತ್ತೆಂದು ಕಾಣುವುದಿಲ್ಲ. ಆದರೆ ಪ್ರತಿ ಹೊಡೆತಕ್ಕೂ ನಾವು ಟೇಪು ಹಿಡಿದು ಅಳೆಯುವ ಮೊದಲೇ, "ಇದು ಬರೋಬರಿ ಹೋಗಲಿಲ್ಲ," "ಈಗ ಅಡ್ಡಿಯಿಲ್ಲ," ಎಂದು ಹೇಳಿಬಿಡುತ್ತಿದ್ದ. ಹೇಗೆ ಗೊತ್ತಾಯಿತೆಂದು ಕೇಳಿದರೆ, "ಸಪ್ಪಳ ಕೇಳ್ರಿ. ಸಪ್ಪಳಾದಷ್ಟೂ ಕಲ್ಲಿನ ಕಸುವು ಹೋದಂಗ," ಎಂದ.

ಇದನ್ನು ಲೆಕ್ಕ ಹಾಕಿ ನೋಡಿದೆವು. 2 ಕಿಲೋ ಭಾರ 25 ಸೆಂಟಿಮೀಟರ್ ಕೆಳಗೆ ಬಿದ್ದರೆ ಸಿಗುವ ಶಕ್ತಿ ಸುಮಾರು 5 ಜೂಲ್. ಅದಷ್ಟೂ 40 ಗ್ರಾಮಿನ ಉಂಡೆಗೆ ಸೇರಿ, ಉಂಡೆ 45 ಡಿಗ್ರಿಯಲ್ಲಿ ಹಾರಿದರೆ ಸುಮಾರು 25 ಮೀಟರ್ ಹೋಗಬೇಕು. ನಮಗೆ ದಕ್ಕಿದ್ದು 12 ಮೀಟರ್ 30 ಸೆಂಟಿಮೀಟರ್. ಉಳಿದದ್ದೆಲ್ಲಿ ಹೋಯಿತು? ಡಬ್ಬಿ ತೂಗಾಡುವುದರಲ್ಲಿ, ತೊಲೆ ಕಂಪಿಸುವುದರಲ್ಲಿ, ಅಚ್ಚು ಕಿರುಗುಟ್ಟುವುದರಲ್ಲಿ, ಚೌಕಟ್ಟು ಗಡಗಡ ಅನ್ನುವುದರಲ್ಲಿ. ಚೆನ್ನಾಗಿ ಶ್ರುತಿಗೊಂಡ ಟ್ರೆಬುಶೆಯಲ್ಲಿ ಕಲ್ಲು ಕೈಬಿಡುವ ಹೊತ್ತಿಗೆ ಭಾರವೂ ತೊಲೆಯೂ ಬಹುಮಟ್ಟಿಗೆ ನಿಂತೇ ಹೋಗಿರುತ್ತವೆ. ತಮ್ಮಲ್ಲಿದ್ದ ವೇಗವನ್ನೆಲ್ಲ ಕಲ್ಲಿಗೆ ದಾಟಿಸಿರುತ್ತವೆ. ಅಬ್ಬರಿಸುವ ಯಂತ್ರ ತನಗಾಗಿಯೇ ಒಂದಿಷ್ಟು ಉಳಿಸಿಕೊಂಡಿರುತ್ತದೆ. ಅಜ್ಜನ ಕಿವಿ ಈ ಲೆಕ್ಕವನ್ನು ಜೂಲಿನ ಹಂಗಿಲ್ಲದೆ ಮಾಡಿತ್ತು.

"ಕೀಲಿಗೆ ಎಣ್ಣಿ ಹಾಕ್ರೋ," ಎಂದ. ಗಾಡಿಯ ಕೀಲೆಣ್ಣೆ ಡೊಂಬಿವಲಿಯಲ್ಲಿ ಎಲ್ಲಿಂದ ತರೋಣ? ಹರಳೆಣ್ಣೆ ಹಾಕಿದೆವು. ಗೆಳೆಯ ಯಾರದೋ ಮುರಿದ ಆಟದ ಗಾಡಿಯ ನಾಲ್ಕು ಗಾಲಿ ತಂದು ಚೌಕಟ್ಟಿನ ಅಡಿಗೆ ಕೂರಿಸಿದ. ಗಾಲಿ ಇದ್ದರೆ ಭಾರ ಬೀಳುವಾಗ ಚೌಕಟ್ಟು ಹಿಂದೆ ಮುಂದೆ ಸರಿದು ಹೊಂದಿಕೊಳ್ಳುತ್ತದೆ, ಭಾರ ಹೆಚ್ಚು ನೇರವಾಗಿ ಇಳಿಯುತ್ತದೆ. ಮರುದಿನ 13 ಮೀಟರ್ 10. ಉಂಡೆ ಚಾದರಕ್ಕೆ ಹೊಡೆದು ಪುಡಿಯಾಯಿತು. ಯಂತ್ರದಿಂದ ಒಂದು 'ಉಸ್' ಬಿಟ್ಟರೆ ಬೇರೆ ಸದ್ದಿಲ್ಲ.

ಅಜ್ಜ ಸುಮ್ಮನೆ ಕೂತಿದ್ದ. ಆಮೇಲೆ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಎತ್ತಿ ತೋರಿಸಿ, "ಬಿಡೂದು ಈ ಕೈಗೆ ಗೊತ್ತಿತ್ತು, ನೋಡು. ನಾ ಕಲಿಸಿದ್ದಲ್ಲ. ತಾನ ಕಲ್ತಿತ್ತು," ಎಂದ. ನಮಗೆ ಏನು ಹೇಳಬೇಕೋ ತೋಚಲಿಲ್ಲ. ಭಾರ ಎಷ್ಟು ಬೇಕಾದರೂ ಹೊಂಚಬಹುದು, ಮರಳಿಗೇನು ಬರ? ಆದರೆ ಯಾವ ಕ್ಷಣಕ್ಕೆ ಬಿಡಬೇಕೆಂಬುದು ಒಂದು ಮೊಳೆಗೆ ತಿಳಿಯಲು ನಾವು ಹನ್ನೊಂದು ದಿನ, ನಲವತ್ತಕ್ಕೂ ಹೆಚ್ಚು ಉಂಡೆ ಖರ್ಚು ಮಾಡಿದ್ದೆವು. ಅಜ್ಜನ ಕೈಯಲ್ಲಿ ಅದು ಅರವತ್ತು ವರ್ಷ ಇತ್ತು.

"ಈ ಸಲ ನಾ ಜಗ್ತೀನಿ," ಎಂದ.

ಕುರ್ಚಿಯನ್ನು ಯಂತ್ರದ ಪಕ್ಕಕ್ಕೆ ಎಳೆದು, ಚಿಲಕದ ಹುರಿಯನ್ನು ಎಡಗೈಗೆ ಕೊಟ್ಟೆ. ತಾನೇ ಮಾಡಿದ ಉಂಡೆಯೊಂದನ್ನು ಆರಿಸಿ ಜೋಳಿಗೆಯಲ್ಲಿಡಿಸಿದ. ಜಗ್ಗಿದ. ಯಂತ್ರ ಸದ್ದು ಮಾಡಲಿಲ್ಲ. ಅತ್ತ ಚಾದರ ಅಲುಗಿತು.

"ಎಷ್ಟಾತು?"

ಟೇಪು ಹಿಡಿದು ಹೇಳಿದೆ: 12 ಮೀಟರ್ 90.

"ನಿಮ್ಮದಕ್ಕಿಂತ ಗೇಣು ಕಡಿಮಿ ಆತಲ್ಲೋ," ಎಂದು ಅಜ್ಜ ಹುರಿಯನ್ನು ಕೈಗೆ ಸುತ್ತಿಕೊಂಡ. "ಇನ್ನೊಂದು ಇಡು."

ಕತ್ತಲಾಗಿ ಅವ್ವ ಕರೆಯಲು ಮೇಲೆ ಬರುವಷ್ಟರಲ್ಲಿ ಉಳಿದ ಹದಿನೇಳು ಉಂಡೆಗಳೂ ಮುಗಿದಿದ್ದವು.